ಹರಕೆಯ ಮೊಂಬತ್ತಿಯೂ ವೈದ್ಯರ ಚೀಟಿಯೂ



ಜನವರಿ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಕಡೆಯ ದಾರಿಗಳೆಲ್ಲ ಕಾರ್ಕಳದ ಅತ್ತೂರಿನತ್ತ ತಿರುಗುತ್ತವೆ. 1759ರಲ್ಲಿ ಆರಂಭಗೊಂಡು, 2016ರಲ್ಲಿ ಮೈನರ್ ಬಸಿಲಿಕಾ ಎಂಬ ಗೌರವಕ್ಕೆ ಪಾತ್ರವಾದ ಸಂತ ಲಾರೆನ್ಸರ ಆ ಪುಣ್ಯಕ್ಷೇತ್ರಕ್ಕೆ ಉಡುಪಿ, ಮಣಿಪಾಲ, ಕಾಪು, ಶಿರ್ವ, ಮೂಡುಬೆಳ್ಳೆಗಳಿಂದ ಮಾತ್ರವಲ್ಲ, ದೂರದ ಊರುಗಳಿಂದಲೂ ಜನ ಬರುತ್ತಾರೆ. ಕ್ರೈಸ್ತರ ಜೊತೆಗೆ ಹಿಂದೂ, ಮುಸ್ಲಿಂ, ಜೈನ ಬಾಂಧವರೂ ಬಂದು ಮೊಂಬತ್ತಿ ಉರಿಸಿ, ಸಂತರ ಪ್ರತಿಮೆಯ ಮುಂದೆ ಕೈಮುಗಿದು ನಿಲ್ಲುತ್ತಾರೆ. ಉರಿಯುವ ಪ್ರತಿಯೊಂದು ಮೊಂಬತ್ತಿಯ ಹಿಂದೆ ಒಂದು ಕೋರಿಕೆ ಇದೆ.

ಈ ಕೋರಿಕೆಗಳಲ್ಲಿ ಕೆಲವನ್ನು ನಾವು ಎಲ್ಲರೊಡನೆ ಹೇಳಿಕೊಳ್ಳುತ್ತೇವೆ. ಮಗಳ ಮದುವೆ, ಮಗನ ವೀಸಾ, ಅಮ್ಮನ ಮೊಣಕಾಲು ನೋವು, ಮುಗಿಯದ ಜಾಗದ ತಕರಾರು. ಆದರೆ ಕೆಲವು ಕೋರಿಕೆಗಳು ಬಾಯಿಗೆ ಬರುವುದಿಲ್ಲ. ಓದು ಬಿಟ್ಟು ಕೋಣೆಯಲ್ಲಿ ಕೂತಿರುವ ಮಗ, ಬಾಣಂತನದ ನಂತರ ಮಗುವನ್ನು ನೋಡಿಯೂ ನೋಡದಂತಿರುವ ಸೊಸೆ, ರಾತ್ರಿಯಿಡೀ ಅಂಗಳದಲ್ಲಿ ಅಡ್ಡಾಡುವ ತಂದೆ, ಬದುಕೇ ಬೇಡವೆಂದು ಒಮ್ಮೆ ಹೇಳಿ ಸುಮ್ಮನಾದ ಹೆಂಡತಿ. ಇವರಿಗಾಗಿ ಮೊಂಬತ್ತಿ ಉರಿಸುವವರು ಪಕ್ಕದಲ್ಲಿ ನಿಂತವರಿಗೆ ಕಾರಣ ಹೇಳುವುದಿಲ್ಲ. ಎಷ್ಟೋ ಸಲ ಪಾದ್ರಿಗಳಿಗೂ ಹೇಳುವುದಿಲ್ಲ, ವೈದ್ಯರಿಗಂತೂ ಹೇಳುವುದೇ ಇಲ್ಲ. ಹೀಗೆ ಬಚ್ಚಿಟ್ಟ ನೋವಿನ ಬಗ್ಗೆ ನಮ್ಮ ವಿಶ್ವಾಸ ಏನು ಹೇಳುತ್ತದೆ, ಮೊಂಬತ್ತಿ ಉರಿಸಿದ ಕೈಯಲ್ಲೇ ವೈದ್ಯರ ಚೀಟಿಯನ್ನೂ ಹಿಡಿಯಬಹುದೇ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಅನಿಶ್ಚಿತತೆ ಮನಸ್ಸಿಗೆ ಮಾಡುವುದೇನು?

ನಮ್ಮ ಕರಾವಳಿಗೆ ಅನಿಶ್ಚಿತತೆ ಹೊಸದಲ್ಲ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿಗೆ ನುಗ್ಗಿದಾಗ ಅಲ್ಲಿ ದುಡಿಯುತ್ತಿದ್ದ ನಮ್ಮವರ ಸುದ್ದಿಯೇ ಇಲ್ಲದೆ ಇಲ್ಲಿನ ಮನೆಗಳಲ್ಲಿ ವಾರಗಟ್ಟಲೆ ಜಪಸರ ನಡೆಯಿತು. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಏಳು ಮಂದಿ ಮೀನುಗಾರರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಸಮುದ್ರದ ತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಅಳಲೂ ಆಗದೆ, ನಂಬಲೂ ಆಗದೆ ಆ ಮನೆಗಳವರು ಕಾದರು. 2020ರಲ್ಲಿ ಕೊರೋನಾ ಬಂದು ದೇವಾಲಯಗಳ ಬಾಗಿಲು ಮುಚ್ಚಿತು. ಗಲ್ಫ್‌ನಲ್ಲಿ ಕೆಲಸ ಕಳೆದುಕೊಂಡವರು ಒಂದು ಪೆಟ್ಟಿಗೆ ಹಿಡಿದು ಊರಿಗೆ ಮರಳಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಂದೇ ರಾತ್ರಿಯ ಮಳೆಗೆ ಉಡುಪಿಯ ಎಷ್ಟೋ ಮನೆಗಳಿಗೆ ನೆರೆ ನುಗ್ಗಿತು. ಉಡುಪಿಯಲ್ಲೇ ಹುಟ್ಟಿ ನಮ್ಮ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟ ಕಾರ್ಪೊರೇಷನ್ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್‌ಗಳು 2020ರ ಏಪ್ರಿಲ್ 1ರಿಂದ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ, ಹೆಸರು ಕೂಡ ಉಳಿಯಲಿಲ್ಲ. ಇವೆಲ್ಲ ದೊಡ್ಡ ಸುದ್ದಿಗಳು. ಪತ್ರಿಕೆಗೆ ಬಾರದ ಅನಿಶ್ಚಿತತೆಗಳು ಇನ್ನೂ ಹೆಚ್ಚು: ಪರೀಕ್ಷೆಯ ಫಲಿತಾಂಶ, ಸಾಲದ ಕಂತು, ಬಯಾಪ್ಸಿಯ ವರದಿ, ಮಕ್ಕಳೆಲ್ಲ ಪರದೇಶಕ್ಕೆ ಹೋದ ಮೇಲೆ ದೊಡ್ಡ ಮನೆಯಲ್ಲಿ ಉಳಿದ ಇಬ್ಬರು ವೃದ್ಧರ ಸಂಜೆ.

ಮನುಷ್ಯನ ಮನಸ್ಸು ಕೆಟ್ಟ ಸುದ್ದಿಯನ್ನು ಹೇಗೋ ತಾಳಿಕೊಳ್ಳುತ್ತದೆ. ಸುದ್ದಿಯೇ ಇಲ್ಲದ ಸ್ಥಿತಿಯನ್ನು ತಾಳಿಕೊಳ್ಳುವುದು ಅದಕ್ಕಿಂತ ಕಷ್ಟ. ಅಪಾಯ ಬಂದಾಗ ಓಡಲು ಅಥವಾ ಎದುರಿಸಲು ದೇವರು ನಮ್ಮ ದೇಹದಲ್ಲಿ ಒಂದು ಎಚ್ಚರಿಕೆಯ ಗಂಟೆ ಇಟ್ಟಿದ್ದಾರೆ. ಎದೆ ಬಡಿತ ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ, ನಿದ್ದೆ ದೂರವಾಗುತ್ತದೆ. ಅಪಾಯ ಕಳೆದ ಮೇಲೆ ಗಂಟೆ ನಿಲ್ಲಬೇಕು. ಅಪಾಯ ಇದೆಯೋ ಇಲ್ಲವೋ ಎಂಬುದೇ ತಿಳಿಯದಿದ್ದರೆ ಗಂಟೆ ತಿಂಗಳುಗಟ್ಟಲೆ ಬಡಿಯುತ್ತಲೇ ಇರುತ್ತದೆ. ಆಗ ದೇಹ ಬಳಲುತ್ತದೆ, ಮನಸ್ಸು ಸವೆಯುತ್ತದೆ.

ಚಿಂತೆ ಎಲ್ಲರಿಗೂ ಇದೆ, ಅದು ರೋಗವಲ್ಲ. ಪ್ರಿಯರನ್ನು ಕಳೆದುಕೊಂಡ ದುಃಖವೂ ರೋಗವಲ್ಲ, ಅದು ಪ್ರೀತಿಯ ಬೆಲೆ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ, ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇದ್ದು, ಹಿಂದೆ ಸಂತೋಷ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಾಗಿ, ನಿದ್ದೆ, ಹಸಿವು, ಕೆಲಸ ಕೆಟ್ಟು, ತಾನು ಯಾರಿಗೂ ಬೇಡದವನೆಂಬ ಭಾವನೆ ಬೇರೂರಿದರೆ ಅದನ್ನು ವೈದ್ಯರು ಖಿನ್ನತೆ ಎಂದು ಗುರುತಿಸುತ್ತಾರೆ. ಕಾರಣವಿರಲಿ ಇಲ್ಲದಿರಲಿ ಭಯ ಬಿಡದೆ ಕಾಡುತ್ತಿದ್ದರೆ ಅದು ಆತಂಕದ ಕಾಯಿಲೆ. ನಮ್ಮ ಊರುಗಳಲ್ಲಿ ಇವು ಬೇರೆ ವೇಷ ಹಾಕಿಕೊಂಡು ಬರುವುದೂ ಉಂಟು. ತಲೆನೋವು, ಎದೆ ಉರಿ, ಗ್ಯಾಸ್, ಕೈಕಾಲು ಸೆಳೆತ ಎಂದು ಹತ್ತಾರು ಪರೀಕ್ಷೆ ಮಾಡಿಸಿ ಎಲ್ಲವೂ ಸರಿಯಾಗಿದೆ ಎಂಬ ವರದಿ ಹಿಡಿದು ಮನೆಗೆ ಬರುತ್ತೇವೆ. ಗಂಡಸರಲ್ಲಿ ಅದು ಸಿಡುಕಾಗಿ, ಕುಡಿತವಾಗಿ ಕಾಣಿಸಿಕೊಳ್ಳುವುದೂ ಇದೆ.

ನಿಮ್ಹಾನ್ಸ್ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದೆ. ಚಿಕಿತ್ಸೆ ಸಿಗದವರ ಪ್ರಮಾಣ ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92ರವರೆಗೆ. ಈ ಲೆಕ್ಕವನ್ನು ನಮ್ಮ ಭಾನುವಾರದ ಬಲಿಪೂಜೆಗೆ ಅನ್ವಯಿಸಿ ನೋಡೋಣ. ದೇವಾಲಯದಲ್ಲಿ 500 ಮಂದಿ ವಯಸ್ಕರು ಕುಳಿತಿದ್ದರೆ ಅವರಲ್ಲಿ ಸುಮಾರು 50 ಮಂದಿ ಈ ಭಾರ ಹೊತ್ತವರು. ಚಿಕಿತ್ಸೆ ಪಡೆಯುತ್ತಿರುವವರು ಹೆಚ್ಚೆಂದರೆ ಹತ್ತು ಹದಿನೈದು. ಉಳಿದವರು ನಮ್ಮ ಪಕ್ಕದಲ್ಲೇ ಮೊಣಕಾಲೂರಿ, ಶಾಂತಿ ಕೋರಿ, ಏನೂ ಆಗದವರಂತೆ ಮನೆಗೆ ಹೋಗುತ್ತಾರೆ.

ಶ್ರೀಗ್ರಂಥದಲ್ಲಿ ನೊಂದ ಮನಸ್ಸುಗಳು

ಶ್ರೀಗ್ರಂಥ ಇಂಥವರನ್ನು ಬಚ್ಚಿಟ್ಟಿಲ್ಲ. ಪ್ರವಾದಿ ಎಲೀಯರ ಕಥೆ ಅರಸರ ಮೊದಲನೆಯ ಗ್ರಂಥದ 19ನೇ ಅಧ್ಯಾಯದಲ್ಲಿದೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಆ ಧೀರ ಮರುದಿನವೇ ರಾಣಿಯ ಬೆದರಿಕೆಗೆ ಹೆದರಿ ಓಡಿಹೋಗಿ, ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು ತನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡಿಕೊಳ್ಳುತ್ತಾರೆ. ಆಗ ದೇವರು ಮಾಡಿದ್ದೇನು? ಬೈಯಲಿಲ್ಲ, ವಿಶ್ವಾಸ ಎಲ್ಲಿ ಹೋಯಿತೆಂದು ಕೇಳಲಿಲ್ಲ, ಉಪದೇಶ ಮಾಡಲಿಲ್ಲ. ಮೊದಲು ನಿದ್ದೆ ಕೊಟ್ಟರು. ನಂತರ ದೂತನ ಕೈಯಲ್ಲಿ ಬಿಸಿ ರೊಟ್ಟಿಯನ್ನೂ ನೀರನ್ನೂ ಕಳುಹಿಸಿದರು. ಮತ್ತೆ ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣಿಸಿದರು. ಮಾತು ಆಡಿದ್ದು ಆಮೇಲೆ, ಅದೂ ಬಿರುಗಾಳಿ ಭೂಕಂಪಗಳ ನಂತರದ ಮೆಲ್ಲನೆಯ ಧ್ವನಿಯಲ್ಲಿ. ಕೊನೆಗೆ ಎಲೀಶನೆಂಬ ಜೊತೆಗಾರನನ್ನು ಕೊಟ್ಟರು. ನಿದ್ದೆ, ಊಟ, ಮೆಲ್ಲನೆಯ ಮಾತು, ಒಬ್ಬ ಜೊತೆಗಾರ. ಕುಗ್ಗಿದ ಮನಸ್ಸಿನವರ ಆರೈಕೆಗೆ ಇಂದಿನ ವೈದ್ಯರೂ ಇವುಗಳಿಂದಲೇ ತೊಡಗುತ್ತಾರೆ.

ಯೋಬನು ತಾನು ಹುಟ್ಟಿದ ದಿನವನ್ನೇ ಶಪಿಸಿದನು. ಯೆರೆಮೀಯನೂ ಹಾಗೆಯೇ ಮಾಡಿದನು. ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ, ಏಷ್ಯಾ ಸೀಮೆಯಲ್ಲಿ ತಮಗೆ ಬದುಕುವ ಆಸೆಯೇ ಇಲ್ಲದಂಥ ಸಂಕಟ ಬಂದಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ಇವರೆಲ್ಲರಿಗಿಂತ ಮಿಗಿಲಾಗಿ ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭು ಯೇಸುಸ್ವಾಮಿಯವರು ಮರಣಸಂಕಟದಲ್ಲಿ ನಡುಗಿದರು. ಬೆವರು ರಕ್ತದ ಹನಿಗಳಂತೆ ನೆಲಕ್ಕೆ ಬಿತ್ತೆಂದು ವೈದ್ಯರಾಗಿದ್ದ ಸಂತ ಲೂಕರು ಬರೆದಿದ್ದಾರೆ. ಪ್ರಭು ಆ ರಾತ್ರಿ ಮೂವರು ಶಿಷ್ಯರನ್ನು ಜೊತೆಗಿರಲು ಬೇಡಿಕೊಂಡರೆಂಬುದನ್ನೂ ಮರೆಯಬಾರದು. ದೇವಪುತ್ರರಿಗೇ ಸಂಕಟದಲ್ಲಿ ಜೊತೆ ಬೇಕಾಗಿದ್ದರೆ, ನಮಗೆ ಜೊತೆ ಬೇಡವೆನ್ನುವುದು ಯಾವ ಭಕ್ತಿ?

ಬಿರುಗಾಳಿಯ ಶುಭಸಂದೇಶ ನಮಗೆಲ್ಲ ಗೊತ್ತು (ಮಾರ್ಕ 4:35-41). 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ ನೆನೆದ ಖಾಲಿ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ವಿಶ್ವಗುರು ಫ್ರಾನ್ಸಿಸ್‌ರವರು ಧ್ಯಾನಿಸಿದ್ದು ಇದೇ ಭಾಗವನ್ನು. ಈ ಘಟನೆಯಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಪ್ರಭು ದೋಣಿಯಲ್ಲಿದ್ದರೂ ಬಿರುಗಾಳಿ ಬಂತು. ಪ್ರಭುವಿನ ಮಾತಿನಂತೆಯೇ ಆ ದೋಣಿ ಹೊರಟಿದ್ದು, ಆದರೂ ಬಂತು. ಆದ್ದರಿಂದ ಬಿರುಗಾಳಿ ಎದ್ದ ಮನೆಯನ್ನು ನೋಡಿ ಅಲ್ಲಿ ಯೇಸು ಇಲ್ಲವೆಂದು ಯಾರೂ ತೀರ್ಮಾನಿಸದಿರಲಿ. ಶಿಷ್ಯರ ಅಲ್ಪವಿಶ್ವಾಸವನ್ನು ಪ್ರಭು ಪ್ರಶ್ನಿಸಿದ್ದು ನಿಜ. ಆದರೆ ಪ್ರಶ್ನಿಸುವುದಕ್ಕೆ ಮೊದಲು ಗಾಳಿಯನ್ನು ಸುಮ್ಮನಾಗಿಸಿದರು. ಮುಳುಗುತ್ತಿರುವವನಿಗೆ ಮೊದಲು ಕೈ ಕೊಡಬೇಕು. ಪಾಠ ಆಮೇಲೆ.

ನಮ್ಮಲ್ಲಿರುವ ಮೂರು ತಪ್ಪು ಕಲ್ಪನೆಗಳು

ಮೊದಲನೆಯದು, ಮನೋರೋಗ ಬರುವುದು ವಿಶ್ವಾಸ ಕಡಿಮೆ ಇದ್ದವರಿಗೆ ಎಂಬುದು. ಹಾಗಿದ್ದರೆ ಸಂತರ ಪಟ್ಟಿಯಿಂದ ಕೆಲವರನ್ನು ಕೈಬಿಡಬೇಕಾದೀತು. ಬಾಲಯೇಸುವಿನ ಸಂತ ತೆರೇಸಾರ ತಂದೆ ಲೂಯಿ ಮಾರ್ಟಿನ್‌ರವರು ಮುಪ್ಪಿನಲ್ಲಿ ನೆನಪು ಕಳೆದುಕೊಂಡು, ಇಲ್ಲದ್ದನ್ನು ಕಾಣುತ್ತಾ, ಮನೆಬಿಟ್ಟು ಹೋಗುವ ಸ್ಥಿತಿಗೆ ಬಂದರು. 1889ರಿಂದ 1892ರವರೆಗೆ ಮೂರು ವರ್ಷ ಅವರು ಫ್ರಾನ್ಸಿನ ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಯಲ್ಲಿದ್ದರು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಾನ್ವೆಂಟ್ ಸೇರಿದ್ದರಿಂದಲೇ ತಂದೆಗೆ ಹುಚ್ಚು ಹಿಡಿಯಿತೆಂದು ಊರವರು ಆಡಿಕೊಂಡದ್ದು ತೆರೇಸಾರ ಎದೆಗೆ ನಾಟಿತು. ನಾಲ್ಕು ಜನ ಏನೆಂದಾರು ಎಂಬ ಮಾತು ನಮ್ಮ ಊರಿಗೆ ಮಾತ್ರ ಸೇರಿದ್ದಲ್ಲ. ಅದೇ ಲೂಯಿ ಮಾರ್ಟಿನ್‌ರನ್ನು ಪತ್ನಿ ಝೇಲಿಯೊಂದಿಗೆ 2015ರ ಅಕ್ಟೋಬರ್ 18ರಂದು ಧರ್ಮಸಭೆ ಸಂತರೆಂದು ಘೋಷಿಸಿತು. ದೇವರ ಸಂತ ಯೋವಾನ್ನರನ್ನು ಸ್ಪೇನಿನ ಗ್ರನಾಡದಲ್ಲಿ ಹುಚ್ಚರೆಂದು ಕೂಡಿಹಾಕಿ, ಆ ಕಾಲದ ಚಿಕಿತ್ಸೆಯಂತೆ ಹೊಡೆದರು. ಹೊರಬಂದ ಮೇಲೆ ಅವರು ರೋಗಿಗಳನ್ನು ಮನುಷ್ಯರಂತೆ ನೋಡಿಕೊಳ್ಳುವ ಆಸ್ಪತ್ರೆಯನ್ನು ತೆರೆದರು. ಇಂದು ಅವರು ಆಸ್ಪತ್ರೆಗಳ ಪಾಲಕ ಸಂತರು. ವಿಶ್ವಗುರು ಫ್ರಾನ್ಸಿಸ್‌ರವರು ತಮ್ಮ 42ನೇ ವಯಸ್ಸಿನಲ್ಲಿ, ಅರ್ಜೆಂಟೀನಾದ ಕಷ್ಟದ ದಿನಗಳಲ್ಲಿ, ಆರು ತಿಂಗಳ ಕಾಲ ವಾರಕ್ಕೊಮ್ಮೆ ಮನೋವಿಶ್ಲೇಷಕರೊಬ್ಬರ ಬಳಿಗೆ ಹೋಗುತ್ತಿದ್ದುದನ್ನು 2017ರಲ್ಲಿ ಬಹಿರಂಗವಾಗಿ ಹೇಳಿದರು. ಅವರು ಅದಕ್ಕಾಗಿ ನಾಚಲಿಲ್ಲ. ನಾವೇಕೆ ನಾಚಬೇಕು?

ಎರಡನೆಯದು, ಇದು ಶಾಪ, ಮಾಟ, ಯಾರೋ ಮಾಡಿಸಿದ್ದು, ಇಲ್ಲವೇ ಹಿರಿಯರ ಪಾಪದ ಫಲ ಎಂಬುದು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ ಎಂದು ಕೇಳಿದಾಗ ಇಬ್ಬರೂ ಅಲ್ಲವೆಂದು ಯೇಸುಸ್ವಾಮಿಯವರು ಉತ್ತರಿಸಿದರು (ಯೊವಾನ್ನ 9). ಆ ಉತ್ತರ ಇಂದಿಗೂ ಸಾಕು. ಸಕ್ಕರೆ ಕಾಯಿಲೆ ಬಂದವರ ಮನೆಗೆ ಯಾರು ಮಾಟ ಮಾಡಿದರೆಂದು ನಾವು ಹುಡುಕುವುದಿಲ್ಲ. ಮೆದುಳೂ ದೇಹದ ಒಂದು ಅಂಗ. ವಂಶದಿಂದ ಬಂದ ಒಲವು, ಥೈರಾಯ್ಡ್‌ನಂಥ ದೇಹದ ತೊಂದರೆ, ಬಾಲ್ಯದ ಪೆಟ್ಟು, ಒಂಟಿತನ, ಸಾಲ, ಕುಡಿತ ಇವೆಲ್ಲ ಸೇರಿ ಕಾಯಿಲೆ ಹುಟ್ಟುತ್ತದೆ. ಬಾಣಂತಿಯರಲ್ಲಿ ಕಾಣುವ ಖಿನ್ನತೆಯೂ ಅಷ್ಟೇ. ಸೊಸೆಯ ಗುಣವನ್ನು ದೂರುವ ಮೊದಲು ಆಕೆಯನ್ನು ವೈದ್ಯರಿಗೆ ತೋರಿಸಬೇಕು.

ಮೂರನೆಯದು ಹೆಚ್ಚು ಅಪಾಯಕರ. ಪ್ರಾರ್ಥನೆ ಸಾಕು, ಮಾತ್ರೆ ತಿಂದರೆ ವಿಶ್ವಾಸ ಇಲ್ಲವೆಂದಾಯಿತು, ಅಲ್ಲದೆ ಅವು ಚಟ ಹಿಡಿಸುವ ನಿದ್ದೆ ಗುಳಿಗೆಗಳು ಎಂಬುದು. ಧ್ಯಾನಕೂಟ ಮುಗಿಸಿ ಬಂದ ಉತ್ಸಾಹದಲ್ಲಿ ಮಾತ್ರೆಗಳನ್ನು ಎಸೆದವರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ. ಕೆಲವು ವಾರ ಸರಿಯಾಗಿಯೇ ಇರುತ್ತಾರೆ. ಆಮೇಲೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ. ಆಗ ಅವರಿಗೆ ಕಾಯಿಲೆಯ ಜೊತೆಗೆ ದೇವರೂ ಕೈಬಿಟ್ಟರೆಂಬ ಎರಡನೆಯ ನೋವು ಸೇರಿಕೊಳ್ಳುತ್ತದೆ. ಖಿನ್ನತೆಗೆ ಕೊಡುವ ಔಷಧಿಗಳು ನಿದ್ದೆ ಗುಳಿಗೆಗಳಲ್ಲ. ಅವು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಗುಣ ಕಂಡ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕು. ಥಟ್ಟನೆ ನಿಲ್ಲಿಸಬಾರದು, ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಕೆಲವು ನಿದ್ದೆ ಗುಳಿಗೆಗಳು ಅಭ್ಯಾಸವಾಗಬಹುದೆಂಬುದು ನಿಜ. ಆದ್ದರಿಂದಲೇ ಅಂಗಡಿಯಿಂದ ತಾವಾಗಿ ತರದೆ ವೈದ್ಯರ ಚೀಟಿಯಂತೆ ನಡೆಯಬೇಕು. ಎಲ್ಲರಿಗೂ ಔಷಧಿ ಬೇಕೆಂದೇನಿಲ್ಲ. ಹಲವರಿಗೆ ತಜ್ಞರೊಂದಿಗಿನ ಮಾತುಕತೆಯ ಚಿಕಿತ್ಸೆಯೇ ಸಾಕಾಗುತ್ತದೆ.

ವೈದ್ಯರನ್ನು ದೇವರೇ ನೇಮಿಸಿದ್ದಾರೆ, ಔಷಧಿಗಳನ್ನು ಭೂಮಿಯಿಂದ ದೇವರೇ ಹುಟ್ಟಿಸಿದ್ದಾರೆ, ಬುದ್ಧಿವಂತನು ಅವನ್ನು ತಿರಸ್ಕರಿಸುವುದಿಲ್ಲ ಎಂಬ ಅರ್ಥದ ಬೋಧನೆ ಸಿರಾಖನ ಗ್ರಂಥದ 38ನೇ ಅಧ್ಯಾಯದಲ್ಲಿದೆ. ಅದೇ ಅಧ್ಯಾಯ ಕಾಯಿಲೆ ಬಿದ್ದವನಿಗೆ ಮೊದಲು ಪ್ರಾರ್ಥಿಸು ಎನ್ನುತ್ತದೆ, ಆಮೇಲೆ ವೈದ್ಯನಿಗೆ ದಾರಿ ಬಿಡು ಎನ್ನುತ್ತದೆ. ಮೊಂಬತ್ತಿ ಮತ್ತು ಚೀಟಿ ಎರಡೂ ಒಂದೇ ಪುಟದಲ್ಲಿವೆ.

ಪಾದ್ರಿಗಳ ಬಳಿಗೋ, ವೈದ್ಯರ ಬಳಿಗೋ?

ಈ ಪ್ರಶ್ನೆಯನ್ನು ನಮ್ಮನ್ನು ಕಾಣಬರುವ ಕುಟುಂಬಗಳು ಆಗಾಗ ಕೇಳುತ್ತವೆ. ಉತ್ತರ ಹೀಗಿದೆ. ಪ್ರಾರ್ಥನೆ ನೀರಸವಾಗುವುದು, ದೇವರು ದೂರವಿದ್ದಾರೆಂದು ತೋರುವುದು ಭಕ್ತರೆಲ್ಲರ ಅನುಭವ. ಕೋಲ್ಕತ್ತದ ಸಂತ ಮದರ್ ತೆರೇಸಾ ಹತ್ತಾರು ವರ್ಷ ಇಂಥ ಕತ್ತಲೆಯಲ್ಲಿ ನಡೆದರೆಂಬುದು 2007ರಲ್ಲಿ ಪ್ರಕಟವಾದ ಅವರ ಪತ್ರಗಳಿಂದ ತಿಳಿಯಿತು. ಆದರೆ ಆ ಕಾಲದಲ್ಲೂ ಅವರು ಮುಂಜಾನೆ ಎದ್ದು, ಬಡವರ ಗಾಯ ತೊಳೆದು, ನಗುನಗುತ್ತಾ ಕೆಲಸ ಮಾಡಿದರು. ಆತ್ಮದ ಕತ್ತಲೆಯಲ್ಲಿ ಸಾಮಾನ್ಯವಾಗಿ ಕೈಕಾಲುಗಳ ಶಕ್ತಿ, ಇತರರ ಮೇಲಿನ ಕಾಳಜಿ ಉಳಿದಿರುತ್ತದೆ. ಖಿನ್ನತೆಯಲ್ಲಿ ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದಂತೆ, ಊಟ ರುಚಿಸುವುದಿಲ್ಲ, ಪ್ರೀತಿಯ ಮಗುವಿನ ಮಾತೂ ತಲುಪುವುದಿಲ್ಲ. ಮೊದಲನೆಯದಕ್ಕೆ ಆತ್ಮೀಕ ಮಾರ್ಗದರ್ಶಕರು, ಎರಡನೆಯದಕ್ಕೆ ವೈದ್ಯರು. ಎರಡೂ ಬೆರೆತಿದ್ದರೆ ಇಬ್ಬರೂ ಬೇಕು.

ಪಾಪನಿವೇದನೆ ಪಾಪಕ್ಕೆ ಮದ್ದು, ಕಾಯಿಲೆಗಲ್ಲ. ಈಗಾಗಲೇ ಕ್ಷಮಿಸಲ್ಪಟ್ಟ ಪಾಪವನ್ನೇ ವಾರವಾರವೂ ಹೇಳಿಕೊಂಡು, ಆದರೂ ನೆಮ್ಮದಿ ಸಿಗದೆ ನರಳುವವರಿದ್ದಾರೆ. ಲೊಯೊಲಾದ ಸಂತ ಇಗ್ನಾಸಿಯವರೂ ಮನ್ರೇಸಾದಲ್ಲಿ ಈ ಪಾಪಭೀತಿಯಿಂದ ಬಳಲಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋಗಿ, ದೇವರ ಕೃಪೆಯಿಂದ ಪಾರಾದರು. ಅವರು ಆಮೇಲೆ ಕೊಟ್ಟ ಒಂದು ಸಲಹೆ ಅನಿಶ್ಚಿತ ಕಾಲಕ್ಕೆ ಬಹಳ ಉಪಯುಕ್ತ: ಮನಸ್ಸು ಕುಗ್ಗಿರುವಾಗ ಹಿಂದೆ ಶಾಂತಿಯಲ್ಲಿ ಮಾಡಿದ ನಿರ್ಧಾರಗಳನ್ನು ಬದಲಾಯಿಸಬಾರದು. ಕೆಲಸ ಬಿಡುವುದು, ಜಾಗ ಮಾರುವುದು, ಮದುವೆ ಮುರಿಯುವುದು ಇಂಥವನ್ನು ಕತ್ತಲೆಯಲ್ಲಿ ತೀರ್ಮಾನಿಸದೆ ಬೆಳಕು ಬರುವವರೆಗೆ ಮುಂದೂಡೋಣ. ರೋಗಿಗಳ ಅಭ್ಯಂಗ ಸಂಸ್ಕಾರವೂ ಕೊನೆಯುಸಿರಿನವರಿಗೆ ಮಾತ್ರ ಮೀಸಲಲ್ಲ. ಗಂಭೀರ ಮನೋರೋಗದಿಂದ ಬಳಲುವವರು ತಮ್ಮ ಧರ್ಮಗುರುಗಳೊಡನೆ ಅದರ ಬಗ್ಗೆ ಮಾತಾಡಬಹುದು.

ಅತಿ ನೋವಿನ ಪ್ರಶ್ನೆ

ತಾನಾಗಿಯೇ ಪ್ರಾಣ ಕಳೆದುಕೊಂಡವರ ಬಗ್ಗೆ ಧರ್ಮಸಭೆ ಏನು ಹೇಳುತ್ತದೆ? ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಎಷ್ಟೋ ತಾಯಂದಿರು ವರ್ಷಗಟ್ಟಲೆ ಬದುಕುತ್ತಿದ್ದಾರೆ. ಜೀವ ದೇವರ ಕೊಡುಗೆ, ಅದನ್ನು ಕೊನೆಗೊಳಿಸುವ ಹಕ್ಕು ನಮಗಿಲ್ಲ ಎಂಬ ಬೋಧನೆ ಬದಲಾಗಿಲ್ಲ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥ, ತೀವ್ರ ಮಾನಸಿಕ ತೊಂದರೆ, ಭಯ, ಯಾತನೆಗಳು ಅಂಥವರ ಹೊಣೆಯನ್ನು ಕಡಿಮೆ ಮಾಡುತ್ತವೆಂದು 2282ನೇ ಅಂಕದಲ್ಲಿ ಹೇಳುತ್ತದೆ. ಮುಂದಿನ ಅಂಕದಲ್ಲಿ, ಅವರ ನಿತ್ಯರಕ್ಷಣೆಯ ಬಗ್ಗೆ ನಿರಾಶರಾಗಬಾರದು, ದೇವರು ತಮಗೆ ಮಾತ್ರ ತಿಳಿದ ಮಾರ್ಗದಲ್ಲಿ ಅವರಿಗೆ ಪಶ್ಚಾತ್ತಾಪದ ಅವಕಾಶ ಕೊಡಬಲ್ಲರು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಬೋಧಿಸುತ್ತದೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಕ್ರೈಸ್ತ ಶವಸಂಸ್ಕಾರ ನಿರಾಕರಿಸಬೇಕಾದವರ ಪಟ್ಟಿಯಲ್ಲಿ, ತಿಳಿದು ಉದ್ದೇಶಪೂರ್ವಕವಾಗಿ ಪ್ರಾಣ ತೆಗೆದುಕೊಂಡವರೂ ಇದ್ದರು. 1983ರ ಹೊಸ ಸಂಹಿತೆಯಿಂದ ಅದನ್ನು ಕೈಬಿಡಲಾಗಿದೆ. ಹೀಗಿರುವಾಗ ಅಂಥ ಮನೆಯ ಅಂತ್ಯಕ್ರಿಯೆಗೆ ಹೋಗಲು ಹಿಂಜರಿಯುವುದು, ಆ ಮನೆಯ ಮಕ್ಕಳ ಮದುವೆ ಸಂಬಂಧಕ್ಕೆ ಅಡ್ಡ ಬರುವುದು ಕ್ರೈಸ್ತರಿಗೆ ತಕ್ಕುದಲ್ಲ. ಆ ಮನೆಗೆ ಇತರ ಸಾವಿನ ಮನೆಗಳಿಗಿಂತ ಹೆಚ್ಚು ದಿನ ನಮ್ಮ ಹಾಜರಿ ಬೇಕು.

ನಾಡಿನ ಕಾನೂನೂ ಈ ದಾರಿಯಲ್ಲಿ ನಡೆದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆ ಕೊಡಬೇಕೆನ್ನುತ್ತದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮೇ ಇಲ್ಲ. ಆದ್ದರಿಂದ ಪೊಲೀಸ್ ಕೇಸಿನ ಹೆದರಿಕೆಯಿಂದ ಚಿಕಿತ್ಸೆಯನ್ನು ತಡಮಾಡಬೇಕಾಗಿಲ್ಲ.

ಯಾರಾದರೂ ಬದುಕು ಸಾಕೆಂದು ಹೇಳಿದರೆ ಅದನ್ನು ಹೆದರಿಸುವ ಮಾತೆಂದು ತಳ್ಳಿಹಾಕಬಾರದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ಮೆಲ್ಲನೆ, ನೇರವಾಗಿ ಕೇಳಬಹುದು. ಕೇಳಿದ ಮಾತ್ರಕ್ಕೆ ಅಂಥ ಯೋಚನೆ ಹುಟ್ಟುವುದಿಲ್ಲ. ಬದಲಾಗಿ, ಒಬ್ಬರಾದರೂ ಕೇಳಿದರಲ್ಲ ಎಂದು ಹೊರೆ ಇಳಿಯುತ್ತದೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಮನೆಯ ಕ್ಯಾಲೆಂಡರಿನ ಮೇಲೆ ಈ ಸಂಖ್ಯೆಯನ್ನು ಬರೆದಿಡಿ.

ನಮ್ಮ ಮನೆ, ನಮ್ಮ ವಾಳೆ, ನಮ್ಮ ಧರ್ಮಕೇಂದ್ರ

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಜಿಲ್ಲೆ ಭಾಗ್ಯಶಾಲಿ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮಣಿಪಾಲದ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಉಡುಪಿಯ ಡಾ. ಎ.ವಿ. ಬಾಳಿಗಾ ಆಸ್ಪತ್ರೆ ಮನೋರೋಗ ಮತ್ತು ಮದ್ಯವ್ಯಸನದ ಚಿಕಿತ್ಸೆಗೆ ಹೆಸರಾಗಿದೆ. ಅಜ್ಜರಕಾಡಿನಲ್ಲಿ ಸರ್ಕಾರಿ ಜಿಲ್ಲಾ ಆಸ್ಪತ್ರೆ ಇದೆ. 1880ರಲ್ಲಿ ಜೆಸ್ವಿತ್ ಗುರು ಅಗಸ್ಟಸ್ ಮುಲ್ಲರ್‌ರವರು ಬಡವರಿಗೆ ಔಷಧಿ ಹಂಚುತ್ತಾ ಆರಂಭಿಸಿದ ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯೂ ಹತ್ತಿರದಲ್ಲೇ ಇದೆ. ನಿಮ್ಹಾನ್ಸ್ ತಜ್ಞರು 1980ರ ದಶಕದಲ್ಲಿ ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಹೀಗಾಗಿ ಬಡವರಿಗೂ ಚಿಕಿತ್ಸೆಯ ದಾರಿ ಇದೆ. ನಮ್ಮಲ್ಲಿ ಕೊರತೆ ಇರುವುದು ಆಸ್ಪತ್ರೆಯ ಬಾಗಿಲವರೆಗೆ ಜೊತೆಗೆ ನಡೆಯುವವರದ್ದು.

ಬೆಲ್ಜಿಯಂ ದೇಶದಲ್ಲಿ ಗೀಲ್ ಎಂಬ ಊರಿದೆ. ಅತ್ತೂರಿನಂತೆ ಅದೂ ಒಂದು ಯಾತ್ರಾಸ್ಥಳ. ಮನೋರೋಗಿಗಳ ಪಾಲಕಿ ಸಂತ ಡಿಂಫ್ನಾರ ದೇವಾಲಯಕ್ಕೆ ಮಧ್ಯಯುಗದಿಂದಲೂ ದೂರದೂರದಿಂದ ಮನೋರೋಗಿಗಳನ್ನು ಕರೆತರುತ್ತಿದ್ದರು. ದೇವಾಲಯದ ವಸತಿ ತುಂಬಿಹೋದಾಗ ಊರಿನ ರೈತರು ಅವರನ್ನು ತಮ್ಮ ಮನೆಗಳಿಗೆ ಕರೆದುಕೊಂಡರು. ಒಂದೇ ಮೇಜಿನಲ್ಲಿ ಊಟ, ಹೊಲದಲ್ಲಿ ಜೊತೆಗೆ ಕೆಲಸ. ಈ ಪದ್ಧತಿ ನೂರಾರು ವರ್ಷ ನಡೆದು, ವೈದ್ಯರ ಮೇಲ್ವಿಚಾರಣೆಯಲ್ಲಿ ಇಂದಿಗೂ ಉಳಿದಿದೆ. ಹರಕೆ ಹೊತ್ತು ಬಂದವರಿಗೆ ಆ ಊರು ಸಂತರ ಪ್ರತಿಮೆಯನ್ನು ತೋರಿಸಿ ಕಳುಹಿಸಿಬಿಡಲಿಲ್ಲ, ತನ್ನ ಮನೆಬಾಗಿಲನ್ನೂ ತೆರೆಯಿತು.

ಅಷ್ಟು ದೊಡ್ಡದು ನಮ್ಮಿಂದ ಆಗದಿರಬಹುದು. ಸಣ್ಣದು ಖಂಡಿತ ಆಗುತ್ತದೆ. ಮನೆಯಲ್ಲಿ, ಎಲ್ಲ ನಿನ್ನ ಭ್ರಮೆ, ನಿನಗೇನು ಕಡಿಮೆ, ಸ್ವಲ್ಪ ಗಟ್ಟಿಯಾಗು ಎಂಬ ಮಾತುಗಳನ್ನು ಬಿಡೋಣ. ನಿನಗೆ ಕಷ್ಟವಾಗುತ್ತಿದೆ ಎಂದು ಕಾಣುತ್ತಿದೆ, ನಾನಿದ್ದೇನೆ, ನಾಳೆ ಇಬ್ಬರೂ ಸೇರಿ ಡಾಕ್ಟರ ಬಳಿ ಹೋಗೋಣ ಎಂದು ಹೇಳೋಣ. ಮಕ್ಕಳ ಅಂಕಪಟ್ಟಿ ಬಂದ ದಿನ ಮೊದಲು ಊಟ ಬಡಿಸೋಣ, ಅಂಕದ ಮಾತು ಮರುದಿನಕ್ಕಿರಲಿ. ಕುಟುಂಬದ ಜಪಸರ ಮುಗಿದ ಮೇಲೆ ಹತ್ತು ನಿಮಿಷ ಟಿವಿ, ಮೊಬೈಲ್ ಬದಿಗಿಟ್ಟು, ಈ ದಿನ ಯಾವುದು ಭಾರವಾಯಿತು, ಯಾವುದು ಹಗುರ ಮಾಡಿತು ಎಂದು ಒಬ್ಬೊಬ್ಬರೂ ಹೇಳಿಕೊಳ್ಳುವ ರೂಢಿ ಮಾಡೋಣ. ನಾಳೆಯ ಚಿಂತೆಯನ್ನು ನಾಳೆಗೆ ಬಿಡಲು ಕಲಿಸಿದ ಪ್ರಭು ನಮ್ಮನ್ನು ಯೋಜನೆ ಮಾಡಬೇಡಿ ಎನ್ನಲಿಲ್ಲ. ಇಂದು ನಮ್ಮ ಕೈಯಲ್ಲಿರುವ ಒಂದು ಕೆಲಸವನ್ನು ಮಾಡಿ, ಕೈಯಲ್ಲಿಲ್ಲದ್ದನ್ನು ಹೆಸರಿಟ್ಟು ದೇವರಿಗೆ ಒಪ್ಪಿಸಿ ಮಲಗುವುದೇ ಅದರ ಅರ್ಥ.

ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಬಲಿಪೂಜೆಗೆ ಬರುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದವರು ಯಾರು, ಒಂಟಿಯಾಗಿರುವ ಹಿರಿಯರು ಯಾರು, ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಬಂದವರು ಯಾರು ಎಂಬುದನ್ನು ಗಮನಿಸಲಿ. ದೂರಲು ಅಲ್ಲ, ಭೇಟಿಯಾಗಲು. ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರು ಅಕ್ಕಿ ಬೇಳೆಯ ಜೊತ��ಗೆ ಆಸ್ಪತ್ರೆಯ ಬಸ್ ಖರ್ಚನ್ನೂ, ತಿಂಗಳ ಮಾತ್ರೆಯನ್ನೂ ತಮ್ಮ ಸೇವೆಗೆ ಸೇರಿಸಿಕೊಳ್ಳಬಹುದು. ಸ್ತ್ರೀ ಸಂಘಟನೆ ಹೊಸ ಬಾಣಂತಿಯರ ಮನೆಗೆ ಹೋಗಬಹುದು. ಕಾಪು, ಮಲ್ಪೆಯ ಕಡಲ ತೀರದಲ್ಲಿ ನಮ್ಮ ನೆರೆಹೊರೆಯವರು ಯಾವ ಧರ್ಮದವರೇ ಇರಲಿ, ಬೋಟು ಮರಳದ ರಾತ್ರಿ ಅವರ ಅಂಗಳದಲ್ಲಿ ಕುಳಿತುಕೊಳ್ಳುವುದೂ ಒಂದು ಆರಾಧನೆಯೇ. ಭಾನುವಾರದ ವಿಶ್ವಾಸಿಗಳ ಬಿನ್ನಹಗಳಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವಾಗ ಮನಸ್ಸಿನ ಕಾಯಿಲೆಯವರನ್ನೂ ಬಾಯಿಬಿಟ್ಟು ಹೆಸರಿಸೋಣ. ದೇವಾಲಯದಲ್ಲಿ ಆ ಪದ ಕೇಳಿಸಿದ ದಿನ ಆ ಐವತ್ತು ಮಂದಿಯಲ್ಲಿ ಒಬ್ಬರಾದರೂ ತಲೆಯೆತ್ತುತ್ತಾರೆ.

ಧರ್ಮಸಭೆಯ ಐಶ್ವರ್ಯ

ಕ್ರಿ.ಶ. 258ರಲ್ಲಿ ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ ವಿಶ್ವಗುರು ಎರಡನೇ ಸಿಕ್ಸ್ತಸ್‌ರನ್ನು ಕೊಂದ ನಾಲ್ಕೇ ದಿನಗಳಲ್ಲಿ ಡೀಕನ್ ಲಾರೆನ್ಸರ ಸರದಿ ಬಂತು. ಆ ನಾಲ್ಕು ದಿನಗಳಿಗಿಂತ ಅನಿಶ್ಚಿತವಾದ ಕಾಲ ಯಾವುದಿದ್ದೀತು? ಧರ್ಮಸಭೆಯ ಐಶ್ವರ್ಯವನ್ನು ಒಪ್ಪಿಸಬೇಕೆಂದು ಅಧಿಕಾರಿ ಆಜ್ಞಾಪಿಸಿದಾಗ, ಲಾರೆನ್ಸರು ರೋಮಿನ ಬಡವರು, ಕುಂಟರು, ಕುರುಡರು, ವಿಧವೆಯರು ಎಲ್ಲರನ್ನೂ ಕೂಡಿಸಿ ತಂದು ಇವರೇ ನಮ್ಮ ಐಶ್ವರ್ಯವೆಂದು ತೋರಿಸಿದರೆಂದು ಸಂಪ್ರದಾಯ ಹೇಳುತ್ತದೆ. ಇಂದು ಅವರು ನಮ್ಮ ಊರಿಗೆ ಬಂದು ಐಶ್ವರ್ಯವನ್ನು ಕೂಡಿಸಹೊರಟರೆ, ಕೋಣೆಯ ಬಾಗಿಲು ಹಾಕಿಕೊಂಡು ಕೂತ ಆ ಮಗನನ್ನೂ, ಅಂಗಳದಲ್ಲಿ ಅಡ್ಡಾಡುವ ಆ ತಂದೆಯನ್ನೂ ಕೈಹಿಡಿದು ಮುಂದಿನ ಸಾಲಿಗೆ ಕರೆತರುತ್ತಾರೆ. ನಾವು ಯಾರನ್ನು ನಾಚಿಕೆಯಿಂದ ಬಚ್ಚಿಡುತ್ತೇವೆಯೋ ಅವರನ್ನೇ ಅವರು ಐಶ್ವರ್ಯವೆನ್ನುತ್ತಾರೆ.

2025ರ ಪುಣ್ಯವರ್ಷವನ್ನು ಧರ್ಮಸಭೆ 'ಭರವಸೆಯ ಯಾತ್ರಿಕರು' ಎಂಬ ಹೆಸರಿನಲ್ಲಿ ಆಚರಿಸಿತು. ಭರವಸೆ ಎಂದರೆ ಎಲ್ಲವೂ ನಾವು ಬಯಸಿದಂತೆ ಆಗುತ್ತದೆಂಬ ನಂಬಿಕೆಯಲ್ಲ. ಏನಾದರೂ ಆಗಲಿ, ನಮ್ಮ ಕೈ ಹಿಡಿದವರು ಬಿಡುವುದಿಲ್ಲವೆಂಬ ನಂಬಿಕೆ. ಆ ದೇವರ ಕೈ ನಮಗೆ ತಲುಪುವುದು ಮನುಷ್ಯರ ಕೈಗಳ ಮೂಲಕವೇ: ಮಾತ್ರೆ ಬರೆದುಕೊಡುವ ವೈದ್ಯರ ಕೈ, ಗಂಜಿ ತಂದುಕೊಡುವ ನೆರೆಯವರ ಕೈ, ಪಕ್ಕದಲ್ಲಿ ಸುಮ್ಮನೆ ಕುಳಿತ ಗೆಳೆಯನ ಕೈ. ಪ್ರಿಯ ಬಂಧುಗಳೇ, ಈ ಸಾಲುಗಳನ್ನು ಓದುತ್ತಾ ಇದು ನನ್ನದೇ ಕಥೆ ಎಂದು ನಿಮಗೆ ಅನಿಸಿದ್ದರೆ, ಇಂದೇ ಒಬ್ಬರಿಗೆ ಹೇಳಿ. ನಿಮಗೆ ಗೊತ್ತಿರುವ ಒಬ್ಬರ ಕಥೆ ಎನಿಸಿದ್ದರೆ, ಈ ವಾರವೇ ಅವರ ಮನೆಯ ಬಾಗಿಲು ತಟ್ಟಿ.

ಶಿಲುಬೆಯ ಬಳಿ ನಿಂತು ಮಗನ ನೋವನ್ನು ಹಂಚಿಕೊಂಡ ವ್ಯಾಕುಲ ಮಾತೆ ನಮ್ಮ ನೊಂದ ಮನಸ್ಸುಗಳ ಬಳಿಯೂ ನಿಲ್ಲಲಿ. ಸಂತ ಲಾರೆನ್ಸರ ವಿಜ್ಞಾಪನೆಯಿಂದ ಬಿರುಗಾಳಿಯನ್ನು ಶಾಂತಗೊಳಿಸಿದ ಪ್ರಭು ಕ್ರಿಸ್ತರು ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ ಆಶೀರ್ವದಿಸಲಿ. ಆಮೆನ್.